ಶಿವರಾಮನ ಕೈ

ಮಗನ ಸೈನ್ಸ್ ರೆಕಾರ್ಡಿಗೆ ಕಪ್ಪೆಯ ಜೀರ್ಣಾಂಗ ಬರೆದುಕೊಡುತ್ತ ಕೂತಿದ್ದ ಮುನೇಶನ ಕೈಯಲ್ಲಿ ಕರುಳಿನ ಎರಡನೇ ಸುರುಳಿಯ ಹತ್ತಿರ ಪೆನ್ಸಿಲ್ಲು ನಿಂತುಹೋಯಿತು. ಫೋನಿನಲ್ಲಿ ಶಿವರಾಮ ಹೇಳಿದ್ದು ಇಷ್ಟೇ: "ಮಗಾ, ಯಶವಂತಪುರದಲ್ಲಿ ಹಳೇ ಗೋಡೌನ್ ಗೋಡೆ ಮೇಲೆಲ್ಲ ಹುಡುಗ್ರು ಚಿತ್ರ ಬರ್ದಿದಾರಂತೆ ಕಣೋ, ದೊಡ್ಡ ಶೋ ಅಂತೆ. ಪಿಳ್ಳಣ್ಣನೂ ಬರ್ತೀನಿ ಅಂದ್ರು. ನಿನ್ ಗಾಡಿ ತಗೊಂಡ್ ಬಾ." ಯಾವ ಗೋಡೌನು ಎಂದು ಮುನೇಶ ಕೇಳಲಿಲ್ಲ. ರೈಲ್ವೆ ಹಳಿಯ ಪಕ್ಕದಲ್ಲಿ ಅಂಥ ಗೋಡೌನುಗಳು ಎಂಟು ಇದ್ದವು, ಅವನಿಗೆ ಭಯವಿದ್ದದ್ದು ಒಂದರದು, ಕೇಳದಿದ್ದರೆ ಅದು ಉಳಿದ ಏಳರಲ್ಲಿ ಒಂದಾಗಿರಬಹುದಿತ್ತು. ಹೆಂಡತಿ ಒಳಗಿನಿಂದ, "ಭಾನುವಾರ ಒಂದಾದ್ರೂ ಮನೇಲಿರಿ ಅಂದ್ರೆ ಅದೂ ಇಲ್ಲ, ಗ್ಯಾಸ್ ಸ್ಟವ್ ರಿಪೇರಿ ಯಾರಿಗೆ ಹೇಳ್ಲಿ?" ಅಂದಳು. ಮಗ, "ಅಪ್ಪಾ, ಲಿವರ್‌ಗೆ ಶೇಡಿಂಗ್ ಬೇಡವಂತೆ, ಮಿಸ್ ಬೈತಾರೆ" ಅಂದ. ಶೇಡಿಂಗ್ ಆಗಲೇ ಆಗಿಹೋಗಿತ್ತು. ಮನಸ್ಸು ಗಾಬರಿಯಲ್ಲಿದ್ದರೆ ಕೈ ತಾನಾಗಿಯೇ ತನಗೆ ಗೊತ್ತಿರುವುದನ್ನು ಮಾಡಿಬಿಡುತ್ತದೆ. ಮುನೇಶ ರಬ್ಬರಿನಿಂದ ಲಿವರನ್ನು ಉಜ್ಜತೊಡಗಿದ. ಕಾಗದ ತೆಳುವಾಗುತ್ತ ಬಂತೇ ಹೊರತು ನೆರಳು ಪೂರ್ತಿ ಹೋಗಲಿಲ್ಲ.

ಗಾಡಿ ಅವನದಲ್ಲ, ಫ್ಲೆಕ್ಸ್ ಅಂಗಡಿಯದು. ವಾರವೆಲ್ಲ ಅದರಲ್ಲಿ ಕಬ್ಬಿಣದ ಫ್ರೇಮುಗಳನ್ನೂ ಸುತ್ತಿಟ್ಟ ಫ್ಲೆಕ್ಸುಗಳನ್ನೂ ಹೇರಿಕೊಂಡು ಯಲಹಂಕದಿಂದ ಆರ್.ಟಿ. ನಗರದವರೆಗೆ ಕಟ್ಟುತ್ತ ತಿರುಗುವುದು ಈಗ ಅವನ ಕೆಲಸ. ಕೊಡಿಗೇಹಳ್ಳಿಯ ಗೇಟಿನ ಹತ್ತಿರ ಪಿಳ್ಳಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಮದುವೆಗೆ ಹೊರಟವರಂತೆ ನಿಂತಿದ್ದರು. ಪಕ್ಕದಲ್ಲಿ ಶಿವರಾಮ. ಚಿಕ್ಕ ಕ್ಯಾಬಿನ್ನಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಇಪ್ಪತ್ತು ವರ್ಷ ಹೀಗೆಯೇ ಕೂತವರು: ಏಣಿಯ ಮೇಲೆ, ಸಾರುವೆಯ ಹಲಗೆಯ ಮೇಲೆ, ಯಶವಂತಪುರದ 'ಪಿಳ್ಳಣ್ಣ ಆರ್ಟ್ಸ್' ಅಂಗಡಿಯ ಒಂದೇ ಬೆಂಚಿನ ಮೇಲೆ. ಫ್ಲೆಕ್ಸ್ ಬಂದು ಅಂಗಡಿ ಮುಚ್ಚಿದ ಮೇಲೆ ಪಿಳ್ಳಣ್ಣ ಮನೆಯಲ್ಲಿದ್ದರು, ಶಿವರಾಮ ಯಲಹಂಕದಲ್ಲಿ ನಂಬರ್ ಪ್ಲೇಟ್ ಬರೆಯುತ್ತಿದ್ದ. ಆದರೂ ಎಲ್ಲಾದರೂ ಗೋಡೆಗೆ ಯಾರೋ ಬಣ್ಣ ಬಳಿದಿದ್ದಾರೆಂದರೆ ಮೂವರೂ ಸೇರಿ ನೋಡಿಬರುವುದು ಒಂದು ರೂಢಿ. ಮೇಲುಸೇತುವೆಯ ಕಂಬಗಳ ಮೇಲೆ ಕಾಲೇಜು ಹುಡುಗರು ಬರೆದ ಹುಲಿ, ಅಟ್ಟೂರಿನ ಶಾಲೆಯ ಕಾಂಪೌಂಡಿನ ನವಿಲು, ನಾಗಸಂದ್ರದ ಕಡೆ ಯಾರೋ ಸ್ಪ್ರೇಯಲ್ಲಿ ಬರೆದ, ಮೂವರಿಗೂ ಓದಲಾಗದ ಇಂಗ್ಲಿಷಿನ ಉಬ್ಬು ಅಕ್ಷರ, ಎಲ್ಲವನ್ನೂ ಹೀಗೇ ಹೋಗಿ ನೋಡಿ, ಬೈದು, ಒಳಗೊಳಗೇ ಮೆಚ್ಚಿ, ಟೀ ಕುಡಿದು ಬಂದಿದ್ದರು. ದಾರಿಯುದ್ದಕ್ಕೂ ಪಿಳ್ಳಣ್ಣ ಬೋರ್ಡುಗಳನ್ನು ಓದಿದರು. "ಆ 'ರ' ನೋಡ್ಲಾ, ವಾಂತಿ ಮಾಡ್ಕೊಳ್ಳೋನಂಗೆ ಬಗ್ಗೈತೆ. ಕಂಪ್ಯೂಟ್ರಿಗೆ ಬೆನ್ನು ನೋಯಾಕಿಲ್ವಲ್ಲ, ಅದಕ್ಕೇ ಇಂಗೆ." ಶಿವರಾಮ ನಗುತ್ತ ಮುನೇಶನ ತೊಡೆಗೆ ಹೊಡೆದ. "ನಿನ್ ಫ್ಲೆಕ್ಸೇ ಇರ್ಬೇಕು ಗುರು ಅದು." ಮುನೇಶ ನಕ್ಕ. ಬಿ.ಇ.ಎಲ್. ಸರ್ಕಲ್ಲಿನ ಸಿಗ್ನಲ್ಲು ಹಸಿರಾಗಿ, ಹಿಂದಿನವನು ಹಾರ್ನ್ ಬಾರಿಸುವವರೆಗೂ ನಗುತ್ತಲೇ ಇದ್ದ.

ಗೋಡೆ ಹಿಡಿಯುವುದಕ್ಕೆ ಆಗ ಒಂದು ಕ್ರಮವಿತ್ತು. ಒಳ್ಳೆಯ ಗೋಡೆ ಕಂಡರೆ ಮೊದಲು ಒಂದು ಕೈ ಸುಣ್ಣ ಹೊಡೆದು, ಮೂಲೆಯಲ್ಲಿ ತಮ್ಮ ಹೆಸರಿನ ಎರಡಕ್ಷರ, ಅದರ ಕೆಳಗೆ ತಾರೀಖು. ಆ ತಾರೀಖಿನವರೆಗೆ ಆ ಗೋಡೆ ಅವನದು. ಸೇಟು ಬಂದರೂ ಮಿನಿಸ್ಟರು ಬಂದರೂ ಇನ್ನೊಬ್ಬ ಪೇಂಟರು ಅದರ ಮೇಲೆ ಬ್ರಷ್ ಇಡುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಆರು ವರ್ಷದ ಹಿಂದೆ ಹಳಿಯ ಪಕ್ಕದ ಒಂದು ಗೋಡೌನಿನ ಹಿಂದಿನ ಗೋಡೆಯ ಮೇಲೆ ಪಿಳ್ಳಣ್ಣ ಒಂದು ಕಾಫಿಪುಡಿಯ ಜಾಹೀರಾತು ಬರೆದಿದ್ದರು. ಲೋಟ ಹಿಡಿದ ಹೆಂಗಸಿಗೆ ಕಂಪನಿಯವರು ಕೊಟ್ಟ ಫೋಟೋ ಬಿಟ್ಟು ತಮ್ಮ ಹೆಂಡತಿ ಲಕ್ಕಮ್ಮನ ಮುಖ ಇಟ್ಟಿದ್ದರು. ಲಕ್ಕಮ್ಮ ಬಂದು ನೋಡಿ, "ಮೂಗು ನಿಮ್ಮವ್ವಂದು ಇಟ್ಟವ್ರೆ, ಮಿಕ್ಕಿದ್ದು ನಂದೇಯ" ಅಂದು ಹೋಗಿದ್ದಳು. ಮೂಲೆಯಲ್ಲಿ ಇನ್ನೂ ಎರಡು ತಿಂಗಳು ಮುಂದಿನ ತಾರೀಖಿತ್ತು. ಪಿಳ್ಳಣ್ಣ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಭಾನುವಾರ ಬಿಲ್ಡರ್ ಪಂಚಪ್ಪನ ಕಡೆಯವನು ಅಂಗಡಿಗೆ ಬಂದು, ನಾಳೆ ಅಣ್ಣನ ಹುಟ್ಟುಹಬ್ಬ, ಬೆಳಗ್ಗೆ ಆ ಗೋಡೆ ಮೇಲೆ ಹೆಸರಿರಬೇಕು, ಇಲ್ಲದಿದ್ದರೆ ಈ ಅಂಗಡಿ ಮೇಲೂ ಇರಲ್ಲ ಅಂದ. ಅಂಗಡಿಯಲ್ಲಿ ಮುನೇಶ ಒಬ್ಬನೇ ಇದ್ದ. ಹೆದರಿದ್ದು ನಿಜ. ಆದರೆ ಬರೀ ಹೆದರಿಕೆಯಾಗಿದ್ದರೆ ಅವನು ತನ್ನ ಅಕ್ಷರದಲ್ಲೇ ಬರೆದು, ಆಸ್ಪತ್ರೆಗೆ ಹೋಗಿ, ಹೀಗಾಯಿತಣ್ಣಾ ಎಂದು ಕಾಲು ಹಿಡಿಯುತ್ತಿದ್ದ. ಅವನು ಬರೆದದ್ದು ಶಿವರಾಮನ ಅಕ್ಷರದಲ್ಲಿ.

ಗೇಟಿನಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಗಾಡಿಯ ಹಿಂದಿನ ಫ್ರೇಮುಗಳನ್ನು ನೋಡಿ, "ಅಣ್ಣಾ, ಸಾಮಾನೆಲ್ಲ ಹಿಂದಿನ ಗೇಟಲ್ಲಿ ಇಳಿಸ್ಬೇಕು" ಅಂದಳು. ಪಿಳ್ಳಣ್ಣನ ಇಸ್ತ್ರಿಯ ಶರ್ಟು ಅವಳಿಗೆ ಕಾಣಲೇ ಇಲ್ಲ. ಶಿವರಾಮ ಬಾಗಿಲು ತೆರೆದು ಇಳಿದು, "ಸಾಮಾನಲ್ಲಮ್ಮ, ನಾವು ಆರ್ಟಿಸ್ಟುಗಳು. ಸ್ವಲ್ಪ ತುಕ್ಕು ಹಿಡಿದಿದೀವಿ ಅಷ್ಟೇ" ಅಂದ. ಅವಳು ಕೆಂಪಾಗಿ ಮೂರು ಸಲ 'ಸಾರಿ' ಹೇಳಿ ಒಳಗೆ ಬಿಟ್ಟಳು. ಶಿವರಾಮನಿಗೆ ಇದು ಮೊದಲಿನಿಂದ ಬಂದದ್ದು. ಅವಮಾನವನ್ನು ಹಿಡಿದು ಹಾಗೇ ತಿರುಗಿಸಿ ಎಲ್ಲರೂ ನಗುವಂತೆ ಮಾಡಿಬಿಡುವುದು. ಅವನ ಅಕ್ಷರವೂ ಹಾಗೆಯೇ. ಪ್ರತಿ ತಲೆಕಟ್ಟೂ ಕೊನೆಯಲ್ಲಿ ಹುಂಜದ ಬಾಲದಂತೆ ಎದ್ದು ನಿಲ್ಲುತ್ತಿತ್ತು. "ಇವನದು ಕುಣಿಯೋ ಕೈ" ಅನ್ನುತ್ತಿದ್ದರು ಪಿಳ್ಳಣ್ಣ ಗಿರಾಕಿಗಳಿಗೆ. "ಮುನೇಶಂದು ರೇಷನ್ ಕಾರ್ಡು. ತಪ್ಪಿರಾಕಿಲ್ಲ, ಉಪ್ಪೂ ಇರಾಕಿಲ್ಲ." ತಮಾಷೆಗೆ ಹೇಳಿದ್ದು, ಎಲ್ಲರ ಜೊತೆ ಮುನೇಶನೂ ನಗುತ್ತಿದ್ದ. ಮನೆಗೆ ಹೋಗಿ ಸ್ಲೇಟಿನ ಮೇಲೆ ಆ ಬಾಲವನ್ನು ಎಷ್ಟು ಸಲ ಬರೆದು ಒರೆಸಿದ್ದನೆಂಬುದು ಯಾರಿಗೂ ಗೊತ್ತಿರಲಿಲ್ಲ.

ಒಳಗೆ ಬಣ್ಣವೋ ಬಣ್ಣ. ಒಂದು ಗೋಡೆಯ ತುಂಬ ಆನೆಯ ಕಣ್ಣು, ಒಂದೇ ಕಣ್ಣು. ಇನ್ನೊಂದರಲ್ಲಿ ಹೂ ಮಾರುವ ಮುದುಕಿ, ಅವಳ ಸೆರಗು ಛಾವಣಿಯ ಶೀಟಿನವರೆಗೂ ಹರಿದಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹುಡುಗರು ಇನ್ನೂ ಸ್ಪ್ರೇ ಮಾಡುತ್ತಲೇ ಇದ್ದರು. ಪಿಳ್ಳಣ್ಣ ಒಬ್ಬನ ಹಿಂದೆ ಕೈಕಟ್ಟಿ ಹತ್ತು ನಿಮಿಷ ನಿಂತು, "ಬ್ರಷ್ಷೇ ತಾಗಿಸಾಕಿಲ್ವಲ್ಲಪ್ಪ ಗೋಡೆಗೆ, ದೂರದಿಂದ್ಲೇ ಮಂತ್ರ ಹಾಕ್ತೀಯ" ಅಂದರು. ಅವನು ನಕ್ಕು ಡಬ್ಬಿಯನ್ನು ಅವರ ಕೈಗೇ ಕೊಟ್ಟ. ಪಿಳ್ಳಣ್ಣ ಗುಂಡಿ ಒತ್ತಿದಾಗ ಬಣ್ಣ ತಮ್ಮ ಬಿಳಿ ತೋಳಿಗೇ ಹಾರಿತು. ಶಿವರಾಮ ಬಿದ್ದು ಬಿದ್ದು ನಕ್ಕ. "ಲಕ್ಕಮ್ಮತ್ತಿಗೆ ಇವತ್ತು ನಿಮ್ಗೆ ಶೋ ತೋರಿಸ್ತಾರೆ ನೋಡಿ." ಮುನೇಶನಿಗೂ ಒಂದು ಕ್ಷಣ ಎಲ್ಲ ಮರೆತುಹೋಯಿತು. ಇವರಿಬ್ಬರ ನಡುವೆ ಹೀಗೆ ನಿಂತಾಗ ಆಗುವ ಹಗುರ ಅವನಿಗೆ ಮನೆಯಲ್ಲೂ ಆಗುತ್ತಿರಲಿಲ್ಲ. ಇನ್ನು ಹಿಂದುಗಡೆ ಏನೂ ಇರಲಿಕ್ಕಿಲ್ಲ, ಟೀ ಕುಡಿದು ಹೊರಟುಬಿಡೋಣ, ಸ್ಟವ್ ರಿಪೇರಿಯೂ ಇದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಶಿವರಾಮ ಹಳಿಯ ಕಡೆಯ ಬಾಗಿಲು ದಾಟಿ ಹೊರಗೆ ಹೋಗಿಬಿಟ್ಟಿದ್ದ. "ಅಣ್ಣಾ! ಪಿಳ್ಳಣ್ಣಾ! ಬನ್ನಿ ಇಲ್ಲಿ!"

ಅದು ಮುನೇಶ ಹೆದರಿದ್ದ ಎಂಟನೆಯದೇ ಆಗಿತ್ತು. ಹಿಂದಿನ ಗೋಡೆಗೆ ಯಾರೂ ಹೊಸ ಬಣ್ಣ ಬಳಿದಿರಲಿಲ್ಲ. ಸಣ್ಣ ಉಳಿ ಹಿಡಿದ ಒಬ್ಬ ಹುಡುಗಿ ಅದರ ಹಳೆಯ ಪದರಗಳನ್ನು ಕೆರೆದು ಕೆರೆದು ತೆಗೆದಿದ್ದಳು. ಎಡಗಡೆ ಕಳೆದ ಚುನಾವಣೆಯ ಚಿಹ್ನೆ, ಅದರ ಕೆಳಗಿಂದ ಒಂದು ಟ್ಯುಟೋರಿಯಲ್ಲಿನ ಫೋನ್ ನಂಬರು, ನಡುವೆ ಕೆಂಪಿನಲ್ಲಿ 'ಪಂಚಪ್ಪನವರಿಗೆ ಹುಟ್ಟುಹಬ್ಬದ ಹಾರ್ದಿಕ', ಅಲ್ಲಿಗೆ ಅಕ್ಷರ ಮುಗಿದು ಸುಣ್ಣದ ಸಿಪ್ಪೆಯೊಳಗಿಂದ ಅರ್ಧ ಮುಖ, ಒಂದು ಕಣ್ಣು, ದಪ್ಪ ಮೂಗು, ಲೋಟ ಹಿಡಿದ ಮೂರು ಬೆರಳು. ಸುಣ್ಣ ಮುಚ್ಚಿಟ್ಟಿದ್ದರಿಂದ ಅರಿಶಿನದ ಬಣ್ಣ ನಿನ್ನೆ ಹಚ್ಚಿದಂತಿತ್ತು. ಪಿಳ್ಳಣ್ಣ ಹತ್ತಿರ ಹೋಗಿ ಕೆನ್ನೆಯ ಮೇಲಿನ ಸುಣ್ಣದ ಪುಡಿಯನ್ನು ಊದಿದರು. ಆಮೇಲೆ ಫೋನ್ ತೆಗೆದು ಹೆಂಡತಿಗೆ ಮಾಡಿದರು. "ಲೇ, ಇಲ್ಲಿದೀಯ ಕಣೇ ನೀನು. ಎಲ್ಲೀ ಅಂದ್ರೆ, ಗೋಡೇಲಿ. ಕುಡಿದಿಲ್ಲ ಕಣೇ, ದೇವ್ರಾಣೆ. ಅದೇ ಮೂಗು!" ಆ ಕಡೆಯಿಂದ ಲಕ್ಕಮ್ಮ ಏನೋ ಬೈದದ್ದು ಮೂವರಿಗೂ ಕೇಳಿಸಿತು.

ಹುಡುಗಿಯ ಹೆಸರು ಶಾಂತಲಾ. ಇದನ್ನು ಬರೆದವರು ಇವರೇ ಎಂದು ಗೊತ್ತಾದಾಗ ಅವಳ ಕಣ್ಣು ದೊಡ್ಡವಾದವು. "ಸರ್, ಒಂದು ತಿಂಗ್ಳಿಂದ ಹುಡುಕ್ತಿದೀನಿ! ಪ್ರತಿ ಲೇಯರ್ ಯಾರು ಬರ್ದಿದ್ದು ಅಂತ ಪಕ್ಕದಲ್ಲಿ ಕಾರ್ಡ್ ಹಾಕ್ಬೇಕು. ಯಾರಿಗೂ ಗೊತ್ತಿಲ್ಲ ಅಂತಾರೆ." ರಟ್ಟಿನ ಕಾರ್ಡು ತೆಗೆದು ಪಿಳ್ಳಣ್ಣನ ಹೆಸರು ಬರೆದುಕೊಂಡಳು. ಇನಿಷಿಯಲ್ ಕೇಳಿ ಅದನ್ನೂ ಬರೆದಳು. ಆಮೇಲೆ ಕೆಂಪಕ್ಷರ ತೋರಿಸಿ, "ಇದು? ಎಷ್ಟು ಚೆನ್ನಾಗಿದೆ ಈ ಕೊನೆಗಳು" ಅಂದಳು. ಪಿಳ್ಳಣ್ಣ ಗಂಟಲು ಸರಿಮಾಡಿಕೊಂಡರು. ಮುನೇಶ ಹಳಿಯ ಕಡೆ ನೋಡಿದ. ಗೂಡ್ಸ್ ಗಾಡಿಯೊಂದು ನಿಂತಿತ್ತು, ಎಷ್ಟು ಡಬ್ಬಿ ಎಂದು ಎಣಿಸತೊಡಗಿದ.

"ನಾನೇಮ್ಮ" ಅಂದ ಶಿವರಾಮ. "ಶಿವರಾಮ್ ಅಂತ ಬರ್ಕೋ. ಕುಡಿದು ಬರೆದಿದ್ದು ಅಂತಾನೂ ಬರಿ, ಪರವಾಗಿಲ್ಲ."

"ಬುಡ್ಲಾ ಅದ್ನ" ಅಂದರು ಪಿಳ್ಳಣ್ಣ.

"ಇಲ್ಲಣ್ಣ, ಹೇಳ್ಬೇಕು. ನೋಡಮ್ಮ, ಇವ್ರು ನಂಗೆ ಬ್ರಷ್ ಹಿಡಿಯೋದು ಕಲಿಸಿದೋರು. ಆಸ್ಪತ್ರೇಲಿದ್ರು. ಇವರ ಗೋಡೆ ಮೇಲೆ, ಅತ್ತಿಗೆ ಮುಖದ ಮೇಲೆ ನಾನು ಸುಣ್ಣ ಹೊಡೆದು ಆ ಬೇವರ್ಸಿ ಹೆಸರು ಬರ್ದಿದೀನಿ. ಬರ್ದಿದ್ದು ಒಂಚೂರೂ ನೆನಪಿಲ್ಲ. ಬೆಳಗ್ಗೆ ಎದ್ದು ನೋಡ್ತೀನಿ, ಕಿಟಕಿ ಮೇಲೆ ನನ್ ಬ್ರಷ್ಷು, ಕೆಂಪು ಮೆತ್ಕೊಂಡು ಒಣಗಿ ಕಡ್ಡಿ ಆಗಿದೆ. ಉಪವಾಸ ಮಲಗಿದ್ರೂ ಬ್ರಷ್ ತೊಳೀದೆ ಮಲಗ್ಬಾರ್ದು, ಇವ್ರು ಹೇಳಿದ ಮೊದಲ್ನೇ ಪಾಠ ಅದು. ಅವತ್ತೇ ಕಡೆ. ಆಮೇಲೆ ಒಂದು ತೊಟ್ಟು ಮುಟ್ಟಿಲ್ಲ. ಇವತ್ತಿಗೆ ಆರು ವರ್ಷ." ಅವನು ನಗುತ್ತಿದ್ದ, ಕಣ್ಣಂಚಿನಲ್ಲಿ ನೀರೂ ಇತ್ತು. "ಈ ಗೋಡೆ ನನ್ನ ಮಠ ಇದ್ದಂಗೆ. ಮುಂದಿನ್ ಭಾನುವಾರ ಹೆಂಡ್ತೀನೂ ಮಗಳನ್ನೂ ಕರ್ಕೊಂಡ್ ಬಂದು ತೋರಿಸ್ತೀನಿ. ಕಾರ್ಡ್ ದೊಡ್ಡಕ್ಷರದಲ್ಲಿ ಬರಿ."

ಎಲ್ಲವೂ ಎಷ್ಟು ಸರಿಯಾಗಿ ಕೂತಿತ್ತು. ಪಿಳ್ಳಣ್ಣ ಎರಡು ವರ್ಷ ಶಿವರಾಮನೊಡನೆ ಮಾತು ಬಿಟ್ಟು, ಆಮೇಲೆ ಒಂದು ಯುಗಾದಿಯ ದಿನ ಹೋಳಿಗೆ ಕಳಿಸಿ, ಎಲ್ಲ ಮುಗಿದಿತ್ತು. ಶಿವರಾಮನ ಹೆಂಡತಿ ವನಿತಾ ಒಂದು ಸಲ ಮುನೇಶನ ಎದುರಿಗೇ, "ಆ ಗೋಡೆ ದೆಸೆಯಿಂದ ನನ್ ಸಂಸಾರ ಉಳೀತು ಕಣಣ್ಣಾ" ಅಂದಿದ್ದಳು. ಆವತ್ತು ಅವಳು ಬಡಿಸಿದ ಮುದ್ದೆ ಮುಗಿಸಿ, ಬೇಡವಾದರೂ ಅವನು ಇನ್ನೊಂದು ಹಾಕಿಸಿಕೊಂಡಿದ್ದ. ಎಷ್ಟೋ ಸಲ, ಫ್ಲೆಕ್ಸ್ ಕಟ್ಟುತ್ತ ಕಂಬದ ಮೇಲಿದ್ದಾಗ, ನಾನು ಮಾಡಿದ ಪಾಪದಿಂದ ಒಬ್ಬ ಮನುಷ್ಯ ನೆಟ್ಟಗಾದ ಎಂದು ಅವನಿಗೆ ಸಮಾಧಾನ ಆಗಿದ್ದುಂಟು. ಆ ಸಮಾಧಾನಕ್ಕೆ ಒಂದು ರುಚಿ ಬೇರೆ ಇತ್ತು, ಅದನ್ನು ನೆನೆದಾಗಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿದ್ದದ್ದು. ಬ್ರಷ್ಷನ್ನು ತೊಳೆಯದೆ ಇಟ್ಟದ್ದು ಅವಸರಕ್ಕೋ, ಬೇಕೆಂದೋ? ಆರು ವರ್ಷವೂ ಅವನು ತನ್ನ ಕೈಯನ್ನೇ ಕೇಳಿದ್ದ, ಕೈ ಒಂದೊಂದು ದಿನ ಒಂದೊಂದು ಹೇಳಿತ್ತು. ಈಗ ಸುಮ್ಮನಿದ್ದರೆ ಸಾಕು. ಹುಡುಗಿ ಕಾರ್ಡಿನ ಮೇಲೆ 'ಶಿ' ಬರೆದಾಗಿತ್ತು. ಮುಂದಿನ ಭಾನುವಾರ ಒಂಬತ್ತು ವರ್ಷದ ಆಶಾರಾಣಿ ಇಲ್ಲಿ ನಿಂತು, ಅಪ್ಪ ಮಾಡಿದ ತಪ್ಪು ಎಂದು ಈ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾಳೆ. ಅವಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ.

"ಬರೀಬೇಡಮ್ಮ" ಅಂದ ಮುನೇಶ.

ಶಾಂತಲಾ ಪೆನ್ನು ಎತ್ತಿದಳು.

"ಅವನಲ್ಲ ಬರ್ದಿದ್ದು. ನಾನು." ಧ್ವನಿ ತನ್ನದಲ್ಲವೆಂಬಂತೆ ಸಣ್ಣಗಿತ್ತು. "ಭಾನುವಾರ ಮಧ್ಯಾಹ್ನ. ಹಳಿ ಕಡೆ ಯಾರೂ ಇರ್ಲಿಲ್ಲ. ಅವನ ಬ್ರಷ್ ತಂದು ಅವನ ಥರ ಬರ್ದೆ. ಹೋಗಿ ವಾಪಸ್ ಇಟ್ಟೆ."

ಶಿವರಾಮ ಮೊದಲು ನಕ್ಕ. "ಏಯ್, ಹೋಗೋ. ನನ್ನ ಉಳಿಸೋಕೆ ಹೇಳ್ತಾವ್ನೆ ಅಣ್ಣಾ. ನಿನ್ನಿಂದ ಆಗುತ್ತಾ ಮಗಾ ಈ ಬಾಲ?" ಮುನೇಶ ಶಾಂತಲಾಳ ಕೈಯಿಂದ ಪೆನ್ನು ತೆಗೆದುಕೊಂಡು, ಅವಳ ಪುಸ್ತಕದ ಹಿಂಬದಿಯಲ್ಲಿ 'ಹಾರ್ದಿಕ' ಎಂದು ಬರೆದ. ಹುಂಜದ ಬಾಲ ಎದ್ದು ನಿಂತಿತು, ಗೋಡೆಯ ಮೇಲಿದ್ದಂತೆಯೇ, ಅಷ್ಟೇ ಓರೆಯಲ್ಲಿ. ಮೂವರೂ ಅದನ್ನು ಬಗ್ಗಿ ನೋಡಿದರು. ಗೂಡ್ಸ್ ಗಾಡಿ ಒಂದು ಸಲ ಜಗ್ಗಿ, ಮತ್ತೆ ನಿಂತಿತು.

ಪಿಳ್ಳಣ್ಣ ಅಂದರು: "ಗೋಡೆ ತಗಂಡಿದ್ದಕ್ಕೆ ನಂಗೇನಿಲ್ಲ ಕಣ್ಲಾ. ಗೋಡೆ ಹೋದ್ರೆ ಇನ್ನೊಂದು ಗೋಡೆ. ಇವನ ಕೈ ತಗಂಡೆಯಲ್ಲ. ನಾನು ಎಲ್ಡು ವರ್ಸ ಇವನ ಮುಖ ನೋಡ್ಲಿಲ್ಲ. ನನ್ ಮುಂದೇನೇ ಕುಂತು ನೋಡ್ತಿದ್ದೆಯಲ್ಲೋ ನೀನು." ಬೈಗುಳಕ್ಕಾಗಿ ಮುನೇಶ ಕಾದ, ಅದು ಬರಲಿಲ್ಲ. ಅವರು ಹೋಗಿ ಗೋಡೆಯ ಮುಖದ ಪಕ್ಕ, ಬಿಸಿಲಿಗೆ ಬೆನ್ನು ಮಾಡಿ ನಿಂತರು.

ಶಿವರಾಮ ಬೋರಲಾಗಿದ್ದ ಒಂದು ಬಕೆಟ್ಟಿನ ಮೇಲೆ ಕೂತಿದ್ದ. ಮುಖದಲ್ಲಿ ಸಿಟ್ಟು ಹುಡುಕಿದರೆ ಸಿಗಲಿಲ್ಲ. ಮನೆಯ ಬೀಗದ ಕೈ ಕಳೆದುಕೊಂಡವನು ಜೇಬು ಮುಟ್ಟಿ ಮುಟ್ಟಿ ನೋಡುವಂತೆ ಏನನ್ನೋ ತಡಕುತ್ತಿದ್ದ. "ಹಂಗಾದ್ರೆ ನಾನು ಸುಮ್‌ಸುಮ್ನೆ ಬಿಟ್ನೇನೋ ಕುಡಿಯೋದು?" ಅಂದ. ಅದು ತಮಾಷೆಯೋ ಅಲ್ಲವೋ ಅವನಿಗೂ ತಿಳಿದಂತಿರಲಿಲ್ಲ. ಎದ್ದು ಬಂದು ಮುನೇಶನ ಶರ್ಟಿನ ಕೊರಳು ಹಿಡಿದ. ಹಿಡಿದ ಮೇಲೆ ಮುಂದೇನು ಮಾಡುವುದೆಂದು ಗೊತ್ತಾಗದೆ ಹಾಗೇ ಹಿಡಿದುಕೊಂಡಿದ್ದ. ಇಬ್ಬರ ಉಸಿರೂ ಒಂದಕ್ಕೊಂದು ತಾಗುತ್ತಿತ್ತು. "ವನಿತಾ ಅವತ್ತು ಓವರ್‌ಟೈಮ್ ಅಂತ ಗಾರ್ಮೆಂಟ್ಸಿಗೆ ಹೋಗಿದ್ಲು. ಪಾಪು ನನ್ ಹತ್ರ ಇತ್ತು. ಬೆಳಗ್ಗೆ ಎದ್ದಾಗ ಮೊದಲು ಎದೆಗೆ ಹೊಡೆದಿದ್ದು ಆ ಯೋಚನೆ, ಗೊತ್ತಾ? ಗೋಡೆ ಆಮೇಲೆ. ಬ್ರಷ್ ಹಿಡ್ಕೊಂಡು ಯಶವಂತಪುರದ ಹಳಿ ತನಕ ಹೋಗಿದೀನಿ ಅಂದ್ರೆ, ಮೂರು ವರ್ಷದ ಕೂಸನ್ನ ಒಂದನ್ನೇ ಮನೇಲಿ ಬಿಟ್ಟು ಹೋಗಿದೀನಲ್ಲ ಅಂತ. ವನಿತಾ ಬಂದಾಗ ಬಾಗ್ಲು ತೆಗ್ದೇ ಇತ್ತಂತೆ. ಪಕ್ಕದಲ್ಲೇ ರೋಡು. ಇದನ್ನ ವನಿತಾಗೂ ಹೇಳಿಲ್ಲ ನಾನು. ಅಣ್ಣನ ಹತ್ರಾನೂ ಹೇಳಿಲ್ಲ. ಗೋಡೆ ಗೋಡೆ ಅಂತಾನೇ ಹೇಳ್ಕೊಂಡ್ ಬಂದೆ." ಹಿಡಿ ಸಡಿಲಾಯಿತು. "ನಾನು ಗೋಡೆ ಹತ್ರ ಇರ್ಲಿಲ್ಲ ಅಂದ್ರೆ, ಎಲ್ಲಿದ್ದೆ?"

ಆರು ವರ್ಷ ಮುನೇಶ ಗೋಡೆಯೊಂದನ್ನೇ ಲೆಕ್ಕ ಹಿಡಿದಿದ್ದ. ತಾನು ಕದ್ದದ್ದು ಏನೆಂದು ಕದ್ದವನಿಗೇ ಗೊತ್ತಿರಲಿಲ್ಲ.

"ಮನೇಲಿದ್ದೆ ಕಣೋ" ಅಂದ. "ನಾನು ನೋಡಿದೀನಿ. ಬ್ರಷ್ಷಿಗೆ ಬಂದಾಗಲೂ ಇದ್ದೆ, ಇಡೋಕೆ ಬಂದಾಗಲೂ ಇದ್ದೆ. ಚಾಪೆ ಮೇಲೆ ಅಂಗಾತ ಮಲಗಿದ್ದೆ. ಪಾಪು ನಿನ್ನ ಎದೆ ಮೇಲೆ ಬೋರಲಾಗಿ ನಿದ್ದೆ ಮಾಡ್ತಿತ್ತು. ನಿನ್ನ ಬಲಗೈ ಅದರ ಬೆನ್ನ ಮೇಲಿತ್ತು. ಎರಡ್ ಗಂಟೆ ಬಿಟ್ಟು ಬಂದಾಗ್ಲೂ ಆ ಕೈ ಅಲ್ಲೇ ಇತ್ತು, ಸರಿದಿರ್ಲಿಲ್ಲ. ಹೋಗ್ತಾ ಬಾಗಿಲು ಎಳ್ಕೊಂಡೆ. ಚಿಲಕ ಸರಿಯಾಗಿ ಬೀಳ್ಲಿಲ್ಲವೇನೋ."

ಶಾಂತಲಾ ಕಾರ್ಡು ಹಿಡಿದುಕೊಂಡು, ಕೇಳಿಸಿಕೊಳ್ಳಬೇಕೋ ಬೇಡವೋ ತಿಳಿಯದೆ, ಎರಡು ಹೆಜ್ಜೆ ಹಿಂದೆ ಸರಿದಳು. ಶಿವರಾಮ ತನ್ನ ಬಲಗೈಯನ್ನು ಮುಂದೆ ತಂದು ನೋಡಿಕೊಂಡ. ಉಗುರಿನ ಸಂದಿಯಲ್ಲಿ ನಂಬರ್ ಪ್ಲೇಟಿನ ಕಪ್ಪು ಇತ್ತು.

"ಅಳ್ತಾ ಇತ್ತಾ?"

"ಇಲ್ಲ. ಜೊಲ್ಲು ಸುರಿಸ್ಕೊಂಡು ಮಲಗಿತ್ತು. ನಿನ್ನ ಬನಿಯನ್ನೆಲ್ಲ ಒದ್ದೆ."

"ಸುಳ್ಳು ಹೇಳ್ತಿಲ್ಲ ತಾನೆ? ಈಗ ಹೇಳಿದ್ರೆ ಒದೀತೀನಿ ನೋಡು."

"ಇಲ್ವೋ."

ಶಿವರಾಮ ಮತ್ತೆ ಬಕೆಟ್ಟಿನ ಮೇಲೆ ಕೂತ. ಮುನೇಶ ನೆಲದ ಮೇಲೆ, ಸುಣ್ಣದ ಚೂರುಗಳ ನಡುವೆ, ಅವನ ಕಾಲ ಬಳಿ ಕೂತ. ದೂರದಲ್ಲಿ ಪಿಳ್ಳಣ್ಣ ಕೆಮ್ಮಿದರು.

"ಇನ್ನೊಂದ್ ಸಲ ಹೇಳು" ಅಂದ ಶಿವರಾಮ. "ಬಾಗಿಲಿಂದ ಶುರು ಮಾಡು. ನಿಧಾನಕ್ಕೆ ಹೇಳು."